ಮೂಗುತಿ ಕುಕ್ಕಿದ ಕೆಂಪು ಮುಚ್ಚಳ

"ಲಕ್ವಾಕ್ಕ ಅಂತ ಬಂದಿದ್ರ ಹಂಗ ತಿರುಗಿ ಹೋಗ್ರಿ. ನಮ್ಮ ಹಕ್ಕಿ ಔಷಧಕ್ಕಲ್ಲ."

ಮಾಳಿಗೆಯ ಮೆಟ್ಟಿಲು ಹತ್ತಿ ಬಂದು ಇನ್ನೂ ಉಸಿರು ಸುಧಾರಿಸಿಕೊಳ್ಳುತ್ತಿದ್ದ ಹುಡುಗಿಗೆ ಪಂಪೇಶ್ ಹೇಳಿದ ಮೊದಲ ಮಾತು ಇದು. ಪ್ರೀತಿ ಹೀಗೆ ಶುರುವಾಗಬಾರದು, ನಿಜ. ಆದರೆ ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವನ ಮಾಳಿಗೆಯ ಮೇಲೆ ಅರವತ್ತು ಪಾರಿವಾಳಗಳಿದ್ದವು. ಯಾರ ಮನೆಯಲ್ಲಿ ಯಾರಿಗೆ ಕೈಕಾಲು ಬಿದ್ದರೂ, ಪಾರಿವಾಳದ ರಕ್ತ ಹಚ್ಚಿದರೆ ವಾಸಿಯಾಗುತ್ತದೆಂದು ನಂಬಿದವರು ಚೀಲ ಹಿಡಿದು ನೇರ ಇಲ್ಲಿಗೇ ಬರುತ್ತಿದ್ದರು. ಈ ಹುಡುಗಿಯ ಹೆಗಲಲ್ಲೂ ಒಂದು ಚೀಲವಿತ್ತು.

"ನಮ್ಮನಿಯಾಗ ಎಲ್ಲಾರೂ ಗಟ್ಟಿ ಅದಾರ್ರಿ," ಎಂದಳು ಅವಳು. "ನನಗ ಹಕ್ಕಿ ರಕ್ತ ಬ್ಯಾಡ. ಅವುಕ್ಕ ಒಂದು ಪ್ರಶ್ನೆ ಕೇಳಬೇಕಿತ್ತು."

ಚೀಲದಿಂದ ಅಂಗಿಯ ಎರಡು ಬಿಳಿ ಗುಂಡಿ ತೆಗೆದು ಪ್ಯಾರಾಪೆಟ್ಟಿನ ಮೇಲಿಟ್ಟಳು. ಆಮೇಲೆ ಒಂದು ಗುಂಡಿಯನ್ನು ತೆಗೆದು ಅಲ್ಲಿ ಒಂದು ಕೀಲಿಕೈ ಇಟ್ಟಳು.

"ಮೊದಲು ಇಟ್ಟಿದ್ದು ಎರಡೂ ಒಂದೇ. ಈಗ ಇಟ್ಟಿದ್ದು ಬ್ಯಾರೆ ಬ್ಯಾರೆ. ಇದು ಹಕ್ಕಿಗೆ ತಿಳೀತೈತೇನ್ರಿ?"

ಪಂಪೇಶ್ ನಕ್ಕುಬಿಟ್ಟ. "ಕಂಪ್ಲಿ ಸೇತುವೆ ಮ್ಯಾಲೆ ಬಿಟ್ರ ಅರ್ಧ ತಾಸಿನ್ಯಾಗ ಮನಿ ಸೇರ್ತಾವ ಮೇಡಂ. ಗುಂಡಿ ಗುರ್ತು ಹಿಡಿಯೋದು ಯಾವ ದೊಡ್ಡ ಮಾತು?"

"ಗುಂಡಿ ಗುರ್ತಲ್ರಿ." ಅವಳು ಅವನನ್ನು ನೇರ ನೋಡಿದಳು. "ಒಂದೇ ಅನ್ನೋದರ ಗುರ್ತು."

ಅವನಿಗೆ ಅರ್ಥವಾಗಲಿಲ್ಲ. ಅವಳ ಕಣ್ಣಿನ ಮೇಲೆ ಬಿಸಿಲು ಬಿದ್ದಾಗ ಅದು ಕಪ್ಪಲ್ಲ, ಹುಣಸೆ ಬೀಜದ ಬಣ್ಣ ಎನ್ನುವುದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಅವಳ ಹೆಸರು ಹೇಮಾವತಿ. ಗಾದಿಗನೂರಿನ ಜಂಬಯ್ಯ ಮಾಸ್ತರರ ಮಗಳು. ಮೈಸೂರಿನಲ್ಲಿ ಹಕ್ಕಿಗಳ ಬುದ್ಧಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಅಲ್ಲಿನ ಹಕ್ಕಿಗಳು ಮನುಷ್ಯರನ್ನು ಕಂಡರೆ ಗೋಡೆಗೆ ಬಡಿದುಕೊಳ್ಳುತ್ತವಂತೆ. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿ ಬೇಕೆಂದು ಹುಡುಕಿಕೊಂಡು ಸ್ವಂತ ಊರಿನ ಪಕ್ಕಕ್ಕೇ ಬಂದಿದ್ದಳು.

ಇಬ್ಬರೂ ಇಳಿದು ಬಂದಾಗ ಮೆಟ್ಟಿಲ ಕೆಳಗೆ ಪಂಪೇಶನ ತಾಯಿ ಭರಮಮ್ಮ ಚಹಾ ಹಿಡಿದು ನಿಂತಿದ್ದಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ದಿನಾ ಬರಾಕಿ ಅಂದ್ರ ಮೇಡಂ ಗೀಡಂ ಬ್ಯಾಡವಾ. ನನ್ನ ದೊಡ್ಡವ್ವ ಅನ್ನು," ಎಂದಳು.

ಪಂಪೇಶನಿಗೆ ಚಹಾ ನೆತ್ತಿಗೇರಿತು. ದೊಡ್ಡವ್ವ ಎಂದಳೆಂದರೆ ಮುಗಿಯಿತು, ದೊಡ್ಡವ್ವನ ಮಗ ಅಣ್ಣನಾಗುತ್ತಾನೆ. ಪರಿಚಯವಾಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಆದರೂ ಆ ಸಂಬಂಧ ಬೇಡವೆಂದು ಅವನ ಜೀವ ಆಗಲೇ ಕೂಗಿಕೊಂಡಿತು.

ಹೇಮಾವತಿ ಚಹಾ ಕುಡಿದು, "ಚಹಾ ಮಸ್ತ್ ಐತ್ರಿ," ಎಂದಷ್ಟೇ ಹೇಳಿದಳು. ದೊಡ್ಡವ್ವ ಎನ್ನಲಿಲ್ಲ. ಅಂದಷ್ಟೇ ಅಲ್ಲ, ಮುಂದಿನ ಎಂಟು ತಿಂಗಳೂ ಭರಮಮ್ಮನನ್ನು ಏನೂ ಎಂದು ಕರೆಯದೆ, "ನೋಡ್ರಿ", "ಬರ್ರಿ", "ಇಲ್ರಿ" ಎನ್ನುತ್ತಲೇ ಜಾಣತನದಿಂದ ಕಾಲ ತಳ್ಳಿದಳು.

*

ಪಂಪೇಶನ ಪಾಳಿ ಮಧ್ಯಾಹ್ನ ಶುರುವಾಗುತ್ತಿತ್ತು. ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಅಕ್ಕಿ ಆರಿಸುವ ಮಷಿನ್ ನೋಡಿಕೊಳ್ಳುವ ಕೆಲಸ ಅವನದು. ಜಲಪಾತದಂತೆ ಬೀಳುವ ಅಕ್ಕಿಯಲ್ಲಿ ಕಪ್ಪು ಕಾಳು ಕಂಡರೆ ಕ್ಯಾಮೆರಾ ಹಿಡಿಯುತ್ತದೆ, ಗಾಳಿ ಊದಿ ಹೊರಗೆ ಹಾರಿಸುತ್ತದೆ. ಹನ್ನೊಂದು ವರ್ಷದಿಂದ ಅದರ ಮುಂದೆ ನಿಂತವನು. ಬೆಳಗೆಲ್ಲ ಬಿಡುವಾದ್ದರಿಂದ ಪ್ರಯೋಗ ಬೆಳಗ್ಗೆಯೇ ನಡೆಯುತ್ತಿತ್ತು.

ಆಟ ಸರಳ. ಪ್ಲೈವುಡ್ಡಿನ ಡಬ್ಬಿಯೊಳಗೆ ಹಕ್ಕಿ. ಎದುರಿಗೆ ಕಿಟಕಿ. ಕಿಟಕಿಯ ಎಡಕ್ಕೆ ಕೆಂಪು ಮುಚ್ಚಳ, ಬಲಕ್ಕೆ ನೀಲಿ ಮುಚ್ಚಳ. ಕಿಟಕಿಯಲ್ಲಿ ಎರಡು ಚಿತ್ರ ಕಾಣುತ್ತವೆ. ಎರಡೂ ಒಂದೇ ಆದರೆ ಹಕ್ಕಿ ಕೆಂಪನ್ನು ಕುಕ್ಕಬೇಕು, ಬೇರೆ ಬೇರೆಯಾದರೆ ನೀಲಿಯನ್ನು. ಸರಿಯಾದರೆ ನಾಲ್ಕು ಕಾಳು ಸಜ್ಜೆ, ತಪ್ಪಾದರೆ ಏನೂ ಇಲ್ಲ.

ಚಿತ್ರ ಇಡುವವನು ಪಂಪೇಶ್, ಬರೆದುಕೊಳ್ಳುವವಳು ಹೇಮಾವತಿ. ಅವನನ್ನು ಪರದೆಯ ಹಿಂದೆ ಕೂರಿಸಿದ್ದಳು.

"ನನ್ನ ಮಾರಿ ಅಷ್ಟು ಕೆಟ್ಟ ಐತೇನ್ರಿ?"

"ನಿಮ್ಮ ಮಾರಿ ಎಲ್ಲಾ ಹೇಳಿಬಿಡತೈತ್ರಿ. ಹಕ್ಕಿ ಅದನ್ನ ಓದ್ತಾವ." ಹೇಳಿ ಅವಳು ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಕಿವಿಯ ತುದಿ ಯಾಕೋ ಕೆಂಪಗಾಗಿತ್ತು.

ಪರದೆಯಲ್ಲಿ ಒಂದು ತೂತಿತ್ತು. ಅದು ಮೊದಲೇ ಇತ್ತು, ಅವನು ಮಾಡಿದ್ದಲ್ಲ. ಅದರಿಂದ ಅವಳು ಬರೆಯುವ ಎಡಗೈ ಮಾತ್ರ ಕಾಣುತ್ತಿತ್ತು. ಉತ್ತರ ಸರಿಯಾದರೆ ಪೆನ್ಸಿಲ್ ಒಂದು ಸುತ್ತು ತಿರುಗುತ್ತಿತ್ತು, ತಪ್ಪಾದರೆ ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು. ಎರಡು ತಿಂಗಳಲ್ಲಿ ಅವನಿಗೆ ಆ ಕೈ ಬಾಯಿಪಾಠವಾಯಿತು.

ನಾಲ್ಕು ಹಕ್ಕಿಗಳನ್ನು ಆರಿಸಿದ್ದರು. ಅವುಗಳಲ್ಲಿ ಒಂದು ಹೆಣ್ಣು, ಮೈಯೆಲ್ಲ ಬಿಳಿ, ಕೊಕ್ಕಿನ ಪಕ್ಕದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ. ಅದಕ್ಕೆ ಅವನು ಇಟ್ಟ ಹೆಸರು ಮೂಗುತಿ. ಮೂಗುತಿಗೆ ಗತ್ತು ಜಾಸ್ತಿ. ಮೊದಲು ಬಲಗಣ್ಣಿನಿಂದ ಚಿತ್ರ ನೋಡುವಳು, ಕತ್ತು ತಿರುಗಿಸಿ ಎಡಗಣ್ಣಿನಿಂದ ನೋಡುವಳು, ಆಮೇಲೆ ಬೇಕೋ ಬೇಡವೋ ಎಂಬಂತೆ ಒಂದು ಕುಕ್ಕು.

ಎರಡು ತಿಂಗಳು ಮುಗಿಯುವಾಗ ಎಂಟು ಚಿತ್ರಗಳಲ್ಲಿ ಹೇಗೆ ಕಲಸಿ ಕೇಳಿದರೂ ನಾಲ್ಕೂ ಹಕ್ಕಿಗಳು ತಪ್ಪುತ್ತಿರಲಿಲ್ಲ. ಅಂದು ಭರಮಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದಳು. ಮೂವರೂ ಮಾಳಿಗೆಯ ಮೇಲೆ ಕೂತು ತಿಂದರು. ಖಾರಕ್ಕೆ ಹೇಮಾವತಿಯ ಕಣ್ಣಲ್ಲಿ ನೀರು ಬಂತು. ಅವಳು ನಗುತ್ತಲೂ ಇದ್ದುದರಿಂದ ಪಂಪೇಶ್ ಮಿರ್ಚಿ ತಿನ್ನುವುದನ್ನು ಮರೆತು ನೋಡುತ್ತ ಕೂತ.

ಮರುದಿನ ಅವಳು ಒಂಬತ್ತನೆಯ ಹೊಸ ಚಿತ್ರ ಕೊಟ್ಟಳು. ಎರಡು ಒಂದೇ ಬಗೆಯ ಮೀನು.

ಮೂಗುತಿ ನೋಡಿದಳು. ನೀಲಿ ಕುಕ್ಕಿದಳು. ಇನ್ನೊಮ್ಮೆ ಇಟ್ಟರೆ ಕೆಂಪು. ಮತ್ತೆ ನೀಲಿ. ನಾಲ್ಕು ಹಕ್ಕಿಗಳದೂ ಅದೇ ಕಥೆ, ಚಿತ್ತೋ ಪಟ್ಟೋ ಎಂದು ನಾಣ್ಯ ಚಿಮ್ಮಿದ ಹಾಗೆ. ತೂತಿನೊಳಗೆ ಪೆನ್ಸಿಲ್ ಒಂದು ಸಲವೂ ತಿರುಗಲಿಲ್ಲ.

*

"ಬಾಯಿಪಾಠ ಮಾಡ್ಯಾವ," ಎಂದಳು ಅವಳು, ಮೆಟ್ಟಿಲ ಮೇಲೆ ಕೂತು. "ಈ ಎಂಟು ಚಿತ್ರ ನೆನಪಿಟ್ಟಾವ, ಅಷ್ಟ. ಒಂದೇ ಅಂದ್ರೇನು ಅನ್ನೋದು ತಿಳಿದಿಲ್ಲ."

ಪಂಪೇಶ್ ತಲೆ ಕೆರೆದುಕೊಂಡ. "ನಮ್ಮ ಮಷಿನ್ನೂ ಹಿಂಗ ನೋಡ್ರಿ. ಸೋನಾಮಸೂರಿಗೆ ಸೆಟ್ ಮಾಡಿರ್ತೀವಿ, ನಿಖರ ಕೆಲಸ ಮಾಡತೈತಿ. ಬ್ಯಾರೆ ಅಕ್ಕಿ ಬಿತ್ತೋ, ಕಣ್ಣಿಲ್ಲದ್ದು ಆಗಿಬಿಡತೈತಿ. ಮತ್ತ ಮೊದಲಿಂದ ತೋರಿಸಬೇಕು."

"ಹಕ್ಕಿ ಮಷಿನ್ನಲ್ಲ." ಅವಳು ತಟಕ್ಕನೆ ತಿರುಗಿದಳು. "ಬ್ಯಾರೆ ಕಡೆ ಮಾಡಿದವ್ರೂ ಹೇಳ್ಯಾರ. ಎಂಟು ಕೊಟ್ರ ಬಾಯಿಪಾಠ. ನೂರಾರು ಕೊಟ್ರ ನೆನಪಿಡೋದು ಸಾಕಾಗಿ, ಒಳಗಿನ ಮಾತು ಹಿಡೀತಾವಂತ. ಆದ್ರ ನೂರಾರು ಜೋಡಿ ಎಲ್ಲಿಂದ ತರೋದ್ರಿ? ನಮ್ಮ ಸರ್ ದಸರಾ ಮುಗಿದ ಮ್ಯಾಲೆ ಬರ್ತಾರ. ಹೊಸಾ ವಸ್ತು ಕಂಡಾಗ ಹಕ್ಕಿ ಉತ್ತರ ಕೊಟ್ರ ಇಲ್ಲೇ ಇನ್ನೊಂದು ವರ್ಷ. ಇಲ್ಲಾಂದ್ರ ವಿಷಯ ಬದಲು, ನಾನು ಮೈಸೂರಿಗೆ ವಾಪಸ್."

ಇನ್ನೊಂದು ವರ್ಷ. ಪಂಪೇಶ್ ಅದನ್ನಷ್ಟೇ ಕೇಳಿಸಿಕೊಂಡ.

"ನಾನು ತರ್ತೀನ್ರಿ," ಎಂದ.

ಅಂದಿನಿಂದ ಅವನು ಕಂಡಕಂಡಲ್ಲಿ ಜೋಡಿ ಹುಡುಕತೊಡಗಿದ. ಸೈಕಲ್ ಶಾಪಿನಲ್ಲಿ ಎರಡು ನಟ್ಟು. ಟೇಲರ್ ಹತ್ತಿರ ಎರಡು ಹುಕ್ಕು. ಎರಡು ಕವಡೆ, ಎರಡು ಗಜ್ಜುಗ, ಎರಡು ಬಸ್ ಟಿಕೆಟ್. ಪಕ್ಕದ ಮನೆಯ ಓಬಳೇಶ, "ಮೂವತ್ತೆರಡಕ್ಕ ಬುದ್ಧಿ ಬಂತೇನಲೇ, ಜೋಡಿ ಹುಡುಕಾಕ ಹೊಂಟಿ!" ಎಂದು ಓಣಿಗೆಲ್ಲ ಕೇಳುವಂತೆ ಕಿಚಾಯಿಸಿದ. ಪಂಪೇಶ್ ಅವನ ಮನೆಯಿಂದಲೂ ಎರಡು ಬಾಟಲಿ ಮುಚ್ಚಳ ಎತ್ತಿಕೊಂಡು ಬಂದ.

ಭಾನುವಾರಗಳಲ್ಲಿ ಇಬ್ಬರೂ ಬೈಕಿನಲ್ಲಿ ಹೋಗುತ್ತಿದ್ದರು. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿ, ಮರಳುವಾಗ ಇಬ್ಬರ ಹುಬ್ಬೂ ಕೆಂಪು. ಕೆಂಪು ಅದಿರಿನ ಎರಡು ಹರಳು, ಕಪ್ಪು ಮ್ಯಾಂಗನೀಸಿನ ಎರಡು, ಲಂಬಾಣಿ ಅಂಗಿಯ ಎರಡು ಕನ್ನಡಿ ಚೂರು ಅವಳ ಚೀಲ ಸೇರಿದವು. ಹಿಂದೆ ಕೂತವಳು ಮೊದಲ ಭಾನುವಾರ ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ಮೂರನೆಯ ಭಾನುವಾರ ಅವನ ಹೆಗಲು ಹಿಡಿದಳು. ಆ ಇಪ್ಪತ್ತೆಂಟು ಕಿಲೋಮೀಟರಿನಲ್ಲಿ ಅವನು ರಸ್ತೆಯ ಒಂದು ಗುಂಡಿಗೂ ಬೈಕು ಇಳಿಸಲಿಲ್ಲ.

ಹಂಪಿಯಲ್ಲಿ ಬಾಳೆತೋಟದ ಬದುವಿನ ಮೇಲೆ ತಾಯಕ್ಕ ಎಂಬ ಮುದುಕಿ ಬಾಳೆನಾರು ಹೊಸೆದು ಬಳೆ ಮಾಡುತ್ತ ಕೂತಿದ್ದಳು. ಒಂದರಂತೆ ಇನ್ನೊಂದು, ಜೇನಿನ ಬಣ್ಣದವು.

"ಯಾರಿಗವಾ?"

"ಪಾರಿವಾಳಕ್ಕ," ಎಂದಳು ಹೇಮಾವತಿ.

ತಾಯಕ್ಕ ಇಬ್ಬರ ಮುಖವನ್ನೂ ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಹ್ಞೂಂ ಹ್ಞೂಂ. ಪಾರಿವಾಳಕ್ಕ." ಒಂದನ್ನು ಅವಳ ಕೈಗೆ, ಇನ್ನೊಂದನ್ನು ಅವನ ಕೈಗೆ ಕೊಟ್ಟಳು.

ಪಟ್ಟಿಯಲ್ಲಿ ಅದು ನೂರಾ ನಲವತ್ತಮೂರನೆಯ ಜೋಡಿ. ಆದರೆ ಮರುದಿನ ಮಾಳಿಗೆಗೆ ಬಂದಾಗ ಪಂಪೇಶ್ ನೆಲ ನೋಡುತ್ತ, "ನನ್ನ ಹತ್ರ ಇದ್ದದ್ದು ಎಲ್ಲೋ ಬಿತ್ತ್ರಿ," ಎಂದ. ಬಳೆ ಅವನ ಅಂಗಿಯ ಒಳಜೇಬಿನಲ್ಲೇ ಇತ್ತು. ಯಾಕೆ ಸುಳ್ಳು ಹೇಳಿದನೋ! ಕೊಡಲು ಮನಸ್ಸಾಗಲಿಲ್ಲ, ಅಷ್ಟೇ.

ಹೇಮಾವತಿ ಪುಸ್ತಕ ತೆರೆಯುತ್ತ, "ನಂದೂ ಕಳದೈತ್ರಿ," ಎಂದಳು. ಪಟ್ಟಿಯಲ್ಲಿ ನೂರಾ ನಲವತ್ತಮೂರರ ಎದುರು "ಕಳೆದಿದೆ" ಎಂದು ಬರೆದಳು.

*

ನಿಜವಾದ ವಸ್ತು ಇಡಲು ಪಂಪೇಶ್ ಮಿಲ್ಲಿನಿಂದ ಒಂದು ಕಪ್ಪು ಸ್ಯಾಂಪಲ್ ತಟ್ಟೆ ತಂದಿದ್ದ. ತಟ್ಟೆಯ ಮೇಲೆ ಎರಡು ವಸ್ತು ಇಟ್ಟು ಕಿಟಕಿಗೆ ತಳ್ಳುತ್ತಿದ್ದ. ಹಕ್ಕಿಗಳು ಬೇಗ ಬೇಗ ಕಲಿತವು. ಇನ್ನೂರು ಜೋಡಿ ದಾಟುವ ಹೊತ್ತಿಗೆ, ಹಿಂದೆಂದೂ ನೋಡದ ವಸ್ತು ಇಟ್ಟರೂ ಇಪ್ಪತ್ತಕ್ಕೆ ಹತ್ತೊಂಬತ್ತು ಸರಿ. ನಾಲ್ಕೂ ಹಕ್ಕಿ!

ಅಂದು ಹೇಮಾವತಿ ಪರದೆಯನ್ನೇ ಸರಿಸಿ ಒಳಗೆ ಬಂದುಬಿಟ್ಟಳು. "ಪಂಪೇಶ್! ಇವುಕ್ಕ ತಿಳದೈತಿ!" ಅವಳು ಅವನನ್ನು ಬರೀ ಹೆಸರಿನಿಂದ ಕರೆದದ್ದು ಅದೇ ಮೊದಲು. ಇಬ್ಬರಿಗೂ ಅದು ಏಕಕಾಲಕ್ಕೆ ಹೊಳೆದು, ಏನು ಮಾಡಬೇಕೆಂದು ತಿಳಿಯದೆ ಇಬ್ಬರೂ ಹಕ್ಕಿಗಳಿಗೆ ನೀರು ಹಾಕಲು ಹೊರಟರು. ಅವಳು ಅಂದೇ ಮೈಸೂರಿಗೆ ಫೋನ್ ಮಾಡಿದಳು. ನಾಲ್ಕು ವಾರದಲ್ಲಿ ಬರುತ್ತೇನೆಂದು ಸರ್ ಹೇಳಿದರು.

ಆ ಸಂತೋಷ ಎರಡು ದಿನ ಬಾಳಿತು.

ಮೂರನೆಯ ದಿನ ಮಿಲ್ಲಿನಲ್ಲಿ ಪಂಪೇಶ್ ಗಿರಾಕಿಗೆಂದು ಸ್ಯಾಂಪಲ್ ತಟ್ಟೆ ಸಜ್ಜು ಮಾಡುತ್ತಿದ್ದ. ಹಿರಿಯ ಮೇಸ್ತ್ರಿ ಮಾರೆಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ನಕ್ಕ.

"ನಿನ್ನ ತಟ್ಟಿ ಇದ್ರ ಅಕ್ಕಿ ನೋಡೋದ ಬ್ಯಾಡ ನೋಡಪಾ. ಕೂಡಿಸಿ ಇಟ್ಟಿದ್ರ ಒಂದ ಲಾಟು. ನಡುವ ಬೆರಳು ಹಾಯಿಸಿದ್ರ ಎರಡು ಲಾಟು."

ಪಂಪೇಶನ ಕೈ ಅಲ್ಲೇ ನಿಂತಿತು.

ಮಿಲ್ಲಿನವರಿಗೆಲ್ಲ ಅದು ರೂಢಿ. ಒಂದೇ ಲಾಟಿನ, ಅಂದರೆ ಒಂದೇ ರಾಶಿಯ ಅಕ್ಕಿಯನ್ನು ತಟ್ಟೆಯ ಮೇಲೆ ಒತ್ತಟ್ಟಿಗೆ ಕೂಡಿಸುತ್ತಾರೆ. ಎರಡು ಲಾಟು ಅಪ್ಪಿತಪ್ಪಿಯೂ ಬೆರೆಯಬಾರದೆಂದು ನಡುವೆ ಒಂದು ಬೆರಳಿನಷ್ಟು ಜಾಗ ಬಿಡುತ್ತಾರೆ. ಹನ್ನೊಂದು ವರ್ಷ ಮಾಡಿ ಮಾಡಿ ಅದು ಅವನ ಕೈಯದೇ ಬುದ್ಧಿಯಾಗಿತ್ತು. ಎರಡು ನಟ್ಟು ಇಡುವಾಗ ಒಂದಕ್ಕೊಂದು ತಾಗಿಸಿ ಇಟ್ಟಿದ್ದ. ಒಂದು ನಟ್ಟು, ಒಂದು ಕವಡೆ ಇಡುವಾಗ ನಡುವೆ ಬೆರಳು ಹಾಯಿಸಿದ್ದ. ಇನ್ನೂರು ಜೋಡಿಗೂ ಹಾಗೆಯೇ.

ಮುಖ ಕಾಣಬಾರದೆಂದು ಪರದೆ ಕಟ್ಟಿದ್ದಳು ಅವಳು. ಬೆರಳಿನ ನೆನಪು ಯಾರಿಗೂ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಅವಳು ಬರುವ ಮೊದಲೇ ಒಬ್ಬನೇ ಮಾಳಿಗೆ ಹತ್ತಿ, ಒಂದು ನಟ್ಟಿಗೆ ಒಂದು ಕವಡೆಯನ್ನು ತಾಗಿಸಿ ಇಟ್ಟ. ಮೂಗುತಿ ಒಂದೇ ಸಲ ನೋಡಿ ಕೆಂಪು ಕುಕ್ಕಿದಳು. ಎರಡು ನಟ್ಟುಗಳನ್ನು ದೂರ ಇಟ್ಟ. ನೀಲಿ.

ಹೇಳದೇ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸರ್ ಬರುತ್ತಾರೆ, ನೋಡುತ್ತಾರೆ, ಒಪ್ಪುತ್ತಾರೆ. ಅವಳು ಇನ್ನೊಂದು ವರ್ಷ ಇದೇ ಮೆಟ್ಟಿಲು ಹತ್ತಿ ಬರುತ್ತಾಳೆ. ಹೇಳಿದರೆ ಗಂಟು ಮೂಟೆ ಕಟ್ಟುತ್ತಾಳೆ. ಪಂಪೇಶ್ ಗೂಡಿಗೆ ಒರಗಿ ಕೂತ. ಕೆಳಗೆ ಗೇಟಿನ ಸದ್ದಾಯಿತು.

"ಹೇಮಾವತಿಯವ್ರೆ, ಹಕ್ಕಿ ವಸ್ತು ನೋಡಿಲ್ರಿ," ಎಂದ, ಅವಳು ಚೀಲ ಇಳಿಸುವ ಮೊದಲೇ. "ನನ್ನ ಬೆರಳು ಓದ್ಯಾವ."

ಎಲ್ಲವನ್ನೂ ಮಾಡಿ ತೋರಿಸಿದ. ಅವಳು ಹಕ್ಕಿಯನ್ನೂ ನೋಡಿದಳು, ತಟ್ಟೆಯನ್ನೂ ನೋಡಿದಳು, ಕೊನೆಗೆ ಅವನ ಬೆರಳು ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನೀವು ಹೇಳದಿದ್ರ ನನಗ ಗೊತ್ತಾಗ್ತಿರಲಿಲ್ಲ," ಎಂದಳು.

"ಹೌದ್ರಿ."

"ಮತ್ಯಾಕ ಹೇಳಿದ್ರಿ?"

"ನಾಳೆ ನೀವು ಎಲ್ಲೋ ದೊಡ್ಡವ್ರ ಮುಂದ ನಿಂತು ನಮ್ಮ ಮೂಗುತಿ ಬಗ್ಗೆ ಹೇಳ್ತಿದ್ರಿ. ಆ ಮಾತು ಸುಳ್ಳಾಗಬಾರದಲ್ರಿ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನೀವು ಹೋದ್ರ ನನಗ ಭಾಳ ಕಷ್ಟ ಆಗತೈತಿ. ಆದ್ರೂ ನಿಮ್ಮ ಕಡಿಂದ ಸುಳ್ಳು ಹೇಳಿಸಾಕ ಆಗಂಗಿಲ್ಲ."

ಅವಳು ಪುಸ್ತಕ ಮುಚ್ಚಿ ಮೆಟ್ಟಿಲು ಇಳಿದು ಹೋದಳು. ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನ ಭರಮಮ್ಮ ಏನು ಬಡಿಸಿದರೂ ಅವನಿಗೆ ಮಣ್ಣು ತಿಂದಂತಾಯಿತು.

ಐದನೆಯ ಬೆಳಗ್ಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಹೇಮಾವತಿ ಎರಡೂ ಕೈಯಲ್ಲಿ ಒಂದು ಭಾರದ ಕಪ್ಪು ಹಂಚು ಹೊತ್ತು ನಿಂತಿದ್ದಳು.

"ನಮ್ಮವ್ವನ ಪಡ್ಡಿನ ಹಂಚು. ಹನ್ನೆರಡು ಕುಳಿ ಅದಾವ. ಯಾವ ಎರಡು ಕುಳಿಯಾಗ ಇಡಬೇಕು ಅನ್ನೋದನ್ನ ಚೀಟಿ ಎತ್ತಿ ನೋಡೋಣು. ಹತ್ರಾನೂ ಬರಲಿ, ದೂರಾನೂ ಬರಲಿ. ಇನ್ನ ನಿಮ್ಮ ಬೆರಳಿಗೆ ಕೆಲಸಿಲ್ಲ." ಹಂಚನ್ನು ಕೆಳಗಿಟ್ಟು, ಮುಖದ ಬೆವರು ಒರೆಸಿಕೊಂಡಳು. "ಮೂರು ವಾರ ಐತಿ. ಕುಂದ್ರಿ, ಶುರು ಮಾಡೋಣು."

*

ಮೊದಲ ವಾರ ನಾಲ್ಕೂ ಹಕ್ಕಿಗಳು ದಿಕ್ಕು ತಪ್ಪಿದವು. ಹತ್ತಕ್ಕೆ ಐದು ಸರಿ, ಐದು ತಪ್ಪು. ಎರಡನೆಯ ವಾರದಲ್ಲಿ ಮೂರು ಹಕ್ಕಿಗಳು ಮುನಿಸಿಕೊಂಡು ಡಬ್ಬಿಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟವು.

ಮೂಗುತಿ ಮಾತ್ರ ಬಿಡಲಿಲ್ಲ.

ಹದಿಮೂರನೆಯ ದಿನ. ಚೀಟಿಯ ಪ್ರಕಾರ ಎರಡು ಹುಣಸೆ ಬೀಜ ಹಂಚಿನ ಎರಡು ತುದಿಯ ಕುಳಿಗಳಲ್ಲಿ ಬಿದ್ದಿದ್ದವು. ಹಿಂದಾಗಿದ್ದರೆ ಮೂಗುತಿ ಒಂದೇ ನೋಟಕ್ಕೆ ನೀಲಿ ಕುಕ್ಕುತ್ತಿದ್ದಳು. ಅಂದು ಕುಕ್ಕಲಿಲ್ಲ. ಈ ತುದಿಗೆ ನಡೆದಳು, ಕತ್ತು ವಾಲಿಸಿ ಬೀಜ ನೋಡಿದಳು. ಆ ತುದಿಗೆ ನಡೆದಳು, ಅದನ್ನೂ ನೋಡಿದಳು. ತಿರುಗಿ ಮೊದಲನೆಯದರ ಹತ್ತಿರ ಬಂದಳು. ಇದೇ ತಾನೇ ಅಲ್ಲಿರುವುದು ಎಂದು ಖಾತರಿ ಮಾಡಿಕೊಳ್ಳುವವಳ ಹಾಗೆ ಒಂದು ಕ್ಷಣ ಅಲ್ಲಾಡದೆ ನಿಂತಳು.

ಕೆಂಪು.

ಪಂಪೇಶನ ತೋಳಿನ ಮೇಲೆ ರೋಮ ನಿಂತಿತು.

ಚೀಟಿ ಎತ್ತಿದರು. ಕೆಂಪು ಅದಿರು, ಪಕ್ಕದ ಕುಳಿಯಲ್ಲೇ ಕಪ್ಪು ಅದಿರು. ನೀಲಿ. ದೂರ ದೂರ ಎರಡು ಕನ್ನಡಿ ಚೂರು. ಕೆಂಪು. ಮೂರನೆಯ ವಾರವೆಲ್ಲ ಹತ್ತಕ್ಕೆ ಏಳು, ಹತ್ತಕ್ಕೆ ಎಂಟು. ಕೊನೆಗೆ ಒಂಬತ್ತು.

"ನೋಡ್ರಿ," ಎಂದ ಅವನು ಮೆಲ್ಲಗೆ, ಗುಡಿಯೊಳಗೆ ಮಾತಾಡುವ ದನಿಯಲ್ಲಿ. "ನಟ್ಟನ್ನ ತೋರಿಸಬಹುದು. ಬೀಜ ತೋರಿಸಬಹುದು. ಒಂದೇ ಅನ್ನೋದನ್ನ ಹೆಂಗ ತೋರಿಸೋದ್ರಿ? ಅದು ಈ ಬೀಜದಾಗಿಲ್ಲ, ಆ ಬೀಜದಾಗೂ ಇಲ್ಲ. ಎರಡರ ನಡುವ ಎಲ್ಲೋ ಐತಿ. ಕಣ್ಣಿಗೆ ಕಾಣಂಗಿಲ್ಲ, ಕೊಕ್ಕಿಗೆ ಸಿಗಂಗಿಲ್ಲ. ಇಷ್ಟು ದಿನ ನಾನು ಹಕ್ಕಿ ಸಾಕೀನಿ, ಇವುಗಳ ತಲಿಯಾಗ ಇಂಥಾದ್ದು ಐತಿ ಅಂತ ಗೊತ್ತಿರಲಿಲ್ಲ."

"ಇದರ ಮಿದುಳು ಎರಡು ಹುಣಸೆ ಬೀಜದಷ್ಟು ತೂಕ ಇದ್ರ ಹೆಚ್ಚು," ಎಂದಳು ಹೇಮಾವತಿ. ಅವಳ ಕಣ್ಣು ತುಂಬಿತ್ತು. ಈ ಸಲ ಮಿರ್ಚಿಯ ನೆಪವೂ ಇರಲಿಲ್ಲ.

ಇಬ್ಬರೂ ಪರದೆಯ ಒಂದೇ ಬದಿಯಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಮೂಗುತಿ ಸಜ್ಜೆ ಮುಗಿಸಿ, ಇನ್ನೇನು ಕೇಳುತ್ತೀರಿ ಎಂಬಂತೆ ಕಿಟಕಿಯ ಮುಂದೆ ಬಂದು ನಿಂತಳು. ಪಂಪೇಶನಿಗೆ ಕೈಮುಗಿಯಬೇಕೆನಿಸಿತು.

*

ಮೈಸೂರಿನಿಂದ ವಿಜಯಕುಮಾರ್ ಸರ್ ಬಂದರು. ಸಣ್ಣ ದೇಹ, ದಪ್ಪ ಕನ್ನಡಕ, ಯಾವುದಕ್ಕೂ ಬೇಗ ತಲೆಯಾಡಿಸದ ಮನುಷ್ಯ. ಬೆರಳಿನ ವಿಷಯವನ್ನು ಹೇಮಾವತಿಯೇ ಮೊದಲು ಹೇಳಿದಳು. ಅವರು ಪಂಪೇಶನನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಆಮೇಲೆ ಒಂದು ಗಂಟೆ ಕೂತು ಮೂಗುತಿಯ ಉತ್ತರಗಳನ್ನು ನೋಡಿದರು. ಇಪ್ಪತ್ತಕ್ಕೆ ಹದಿನೆಂಟು.

"ಚೆನ್ನಾಗಿದೆ. ಆದರೆ ಈ ಸಾಮಾನೆಲ್ಲ ತಿಂಗಳುಗಟ್ಟಲೆ ಇದೇ ಮಾಳಿಗೆ ಮೇಲೆ ಬಿದ್ದಿದೆ," ಎಂದರು. "ಯಾವಾಗಲೋ ಯಾವುದೋ ಜೋಡಿ ಹಕ್ಕಿಯ ಕಣ್ಣಿಗೆ ಬಿದ್ದಿರಬಹುದು. ಇದು ಹುಟ್ಟಿದಾಗಿನಿಂದ ನೋಡೇ ಇಲ್ಲದ ಒಂದು ಜೋಡಿ ಬೇಕಮ್ಮ. ನನ್ನ ಕೈಯಾರೆ ಇಡ್ತೀನಿ. ಅದಕ್ಕೂ ಉತ್ತರ ಬಂದರೆ ನನ್ನದೇನೂ ತಕರಾರಿಲ್ಲ."

ಹೇಮಾವತಿ ಪಟ್ಟಿ ತಿರುವಿದಳು. ಮುನ್ನೂರಾ ಹನ್ನೆರಡು ಜೋಡಿ, ಕಳೆದುಹೋದ ಒಂದನ್ನು ಬಿಟ್ಟು ಎಲ್ಲದರ ಮುಂದೆಯೂ ಟಿಕ್ ಗುರುತು. ಅವಳ ಹೆಬ್ಬೆರಳು ಮಡಚಿಕೊಂಡದ್ದು ಪಂಪೇಶನಿಗೆ ಕಂಡಿತು.

ಬೆರಳಿನ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಇದು ಕಷ್ಟವಾಗಿತ್ತು. ಅವನು ಅಂಗಿಯ ಒಳಜೇಬಿಗೆ ಕೈ ಹಾಕಿದ. ಮೈಯ ಬಿಸಿಗೆ ನಾರು ಮೆತ್ತಗಾಗಿತ್ತು.

"ಒಂದ ಐತ್ರಿ," ಎಂದು ಬಾಳೆನಾರಿನ ಬಳೆಯನ್ನು ಅಂಗೈಯಲ್ಲಿ ಹಿಡಿದ. ತಲೆ ಎತ್ತಲಾಗಲಿಲ್ಲ. "ಬಿದ್ದಿರಲಿಲ್ಲ. ನಾನ ಇಟಗೊಂಡಿದ್ದೆ. ಇನ್ನೊಂದು ಕಳದೈತಿ, ಏನೂ ಉಪಯೋಗಿಲ್ಲ."

ಗೂಡಿನಲ್ಲಿ ಅರವತ್ತು ಹಕ್ಕಿಗಳ ಗುಟುರು ಮಾತ್ರ ಕೇಳುತ್ತಿತ್ತು. ಆಮೇಲೆ ಚೀಲದ ಜಿಪ್ಪು ಎಳೆದ ಸದ್ದಾಯಿತು.

ಹೇಮಾವತಿ ಚೀಲದ ತಳದಿಂದ ಕರ್ಚೀಫಿನ ಒಂದು ಗಂಟು ತೆಗೆದಳು. ಬಿಚ್ಚಿದಳು. ಒಳಗೆ ಜೇನಿನ ಬಣ್ಣದ ಬಳೆ.

"ನಂದೂ ಕಳದಿರಲಿಲ್ಲ," ಎಂದಳು.

ಪಂಪೇಶ್ ತಲೆ ಎತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ. ಐದು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಒಂದೇ ಸುಳ್ಳನ್ನು ಹೇಳಿಕೊಂಡು ಬಂದಿದ್ದರು. ಅವನಿಗೆ ನಗು ಬಂತು, ಅಳುವೂ ಬಂತು.

ಸರ್ ಕೆಮ್ಮಿದರು. ಎರಡೂ ಬಳೆ ಇಸಿದುಕೊಂಡು, ಇಬ್ಬರಿಗೂ ಬೆನ್ನು ತಿರುಗಿಸಿ ನಿಲ್ಲಲು ಹೇಳಿದರು. ಚೀಟಿ ಎತ್ತಿ, ಹಂಚಿನ ಆ ತುದಿಗೊಂದು ಈ ತುದಿಗೊಂದು ಇಟ್ಟು ಕಿಟಕಿಗೆ ತಳ್ಳಿದರು.

ಪಂಪೇಶ್ ಎದುರಿನ ಜಂಬುನಾಥನ ಗುಡ್ಡ ನೋಡುತ್ತ ನಿಂತ. ಪಕ್ಕದಲ್ಲಿ ಅವಳೂ ಅದನ್ನೇ ನೋಡುತ್ತಿದ್ದಳು. ಪ್ಲೈವುಡ್ಡಿನ ಮೇಲೆ ಉಗುರಿನ ಸಣ್ಣ ಸದ್ದು. ಮೂಗುತಿ ಈ ತುದಿಗೆ ನಡೆದಳು. ನಿಂತಳು. ಆ ತುದಿಗೆ ನಡೆದಳು. ಮತ್ತೆ ಈ ಕಡೆ. ಆಮೇಲೆ ಸದ್ದೇ ಇಲ್ಲ. ಪಂಪೇಶನ ಕಿರುಬೆರಳಿಗೆ ಇನ್ನೊಂದು ಕಿರುಬೆರಳು ಬಂದು ತಾಗಿತು, ತಾಗಿ ಹಾಗೇ ಹಿಡಿದುಕೊಂಡಿತು.

ಟಕ್.

"ಕೆಂಪು," ಎಂದರು ಸರ್. ಅವರ ದನಿ ಬದಲಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, ಆ ಬಿಳಿ ಹಕ್ಕಿಯನ್ನು ಬರಿಗಣ್ಣಿನಿಂದ ನೋಡುತ್ತ ನಿಂತರು. "ಮೂವತ್ತು ವರ್ಷದಿಂದ ಇದನ್ನು ಓದ್ತಾ ಬಂದಿದ್ದೀನಿ. ಕಣ್ಣಾರೆ ನೋಡಿದರೆ ಮೈ ಜುಮ್ಮೆನ್ನುತ್ತೆ." ಕನ್ನಡಕ ಮತ್ತೆ ಏರಿಸಿಕೊಂಡು, "ಇನ್ನೊಂದು ಸಲ ಇಡೋಣ, ಆ ಬಳೆ ಕೊಡಿ," ಎಂದರು.

ಹೇಮಾವತಿ ಆಗಲೇ ಹಂಚಿನಿಂದ ಎರಡೂ ಬಳೆ ಎತ್ತಿಕೊಂಡಿದ್ದಳು. "ಸರ್, ಬೇರೆ ಏನು ಬೇಕಾದ್ರೂ ಇಡಿ. ಇವನ್ನ ಕೊಡೋಕಾಗಲ್ಲ," ಎಂದು ಒಂದನ್ನು ತನ್ನ ಕೈಗೆ ಹಾಕಿಕೊಂಡಳು. ಇನ್ನೊಂದನ್ನು ಪಂಪೇಶನ ಒಳಜೇಬಿಗೆ ತಾನೇ ಇಟ್ಟಳು. ಪಟ್ಟಿಯಲ್ಲಿ ನೂರಾ ನಲವತ್ತಮೂರರ ಎದುರಿನ "ಕಳೆದಿದೆ" ಹೊಡೆದುಹಾಕಿ, "ಒಂದೇ" ಎಂದು ಬರೆದಳು. ಪೆನ್ಸಿಲ್ ಒಂದು ಸುತ್ತು ತಿರುಗಿತು.

ಕೆಳಗೆ ಒಗ್ಗರಣೆಯ ವಾಸನೆ ಎದ್ದಿತ್ತು. ಭರಮಮ್ಮ ಸೌಟು ಆಡಿಸುತ್ತಲೇ ಕೂಗಿದಳು: "ಪಂಪ್ಯಾ, ಏನಾತಲೇ? ಹಕ್ಕಿ ಏನಂತು?"

ಪಂಪೇಶ್ ಬಾಯಿ ತೆರೆದ. ಅಷ್ಟರಲ್ಲಿ ಹೇಮಾವತಿ ಮೆಟ್ಟಿಲ ತುದಿಗೆ ಹೋಗಿ, ಬಗ್ಗಿ, ಓಣಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟಳು.

"ಒಂದೇ ಅಂತ್ರಿ, ಅತ್ತಿ!"

ಸೌಟಿನ ಸದ್ದು ನಿಂತಿತು. ಒಗ್ಗರಣೆ ಸೀಯುವವರೆಗೂ ಅದು ಮತ್ತೆ ಶುರುವಾಗಲಿಲ್ಲ.